ಅಕ್ಕನ ಕೆಮ್ಮು ಆವಿಯದ್ದಲ್ಲ

ನಮ್ಮ ಬೀದಿಗೆ ಅಕ್ಕನ ಕೆಮ್ಮೇ ಗಡಿಯಾರವಾಗಿತ್ತು. ಬೆಳಿಗ್ಗೆ ಲಾಂಡ್ರಿಯ ಷಟರ್ ಎತ್ತಿದ ಕೂಡಲೇ ಒಂದು ಸಲ, ಬಾಯ್ಲರ್ ಬಿಸಿಯಾದ ಮೇಲೆ ಒಂದು ಸಲ, ಮಧ್ಯಾಹ್ನ ಕೈ ತೊಳೆದು ಊಟಕ್ಕೆ ಕೂತಾಗ ಒಂದು ಸಲ. ಎದುರಂಗಡಿಯ ಟೈಲರ್ ಆ ಮೂರನೆಯದನ್ನು ಕೇಳಿಯೇ ತನ್ನ ಊಟದ ಡಬ್ಬಿ ಬಿಚ್ಚುತ್ತಿದ್ದ. ಎಲ್ಲರೂ ನಗುತ್ತಿದ್ದೆವು, ಅಕ್ಕನೂ ನಗುತ್ತಿದ್ದಳು. ಈಗ ಆ ನಗುವನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಆವಿ ಲಾಂಡ್ರಿ. ಹೋಟೆಲುಗಳ ಬೆಡ್‌ಶೀಟು, ದಿಂಬಿನ ಕವರು, ಆಸ್ಪತ್ರೆಯವರ ಬಿಳಿ ಕೋಟು, ಸುತ್ತಲಿನ ಮನೆಗಳ ಬಟ್ಟೆ, ಎಲ್ಲ ನಮ್ಮಲ್ಲಿಗೇ ಬರುತ್ತದೆ. ಒಗೆಯುವ ಯಂತ್ರಗಳೆರಡೂ ನನ್ನ ಪಾಲು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ನಾನು, ಆ ಯಂತ್ರಗಳ ಸದ್ದಿನಲ್ಲೇ ಬೆಳೆದೆ. ಮಡಚುವುದು ಅಮ್ಮ. ಇಸ್ತ್ರಿ ಅಕ್ಕನದು. ಒಂದು ಅಂಗಿಯ ಕಾಲರನ್ನು ಅವಳು ಇಸ್ತ್ರಿ ಮಾಡಿದರೆ ಅದು ತಾನಾಗಿಯೇ ತಲೆ ಎತ್ತಿ ನಿಲ್ಲುತ್ತದೆ. ಕಲೆ ತೆಗೆಯುವುದು ಅಪ್ಪನ ಕೆಲಸ. ಹಿಂದಿನ ಕೋಣೆಯಲ್ಲಿ ಅವನದೊಂದು ಗಾಜಿನ ಮೇಜಿದೆ, ಅದರ ಅಡಿಯಲ್ಲಿ ಟ್ಯೂಬ್‌ಲೈಟು. ಬಟ್ಟೆಯನ್ನು ಅದರ ಮೇಲೆ ಹರಡಿ, ನೂಲಿನ ಒಳಗೆ ಅಡಗಿ ಕೂತ ಕಲೆಯನ್ನೂ ಹುಡುಕುತ್ತಾನೆ. ಬೀದಿಯವರೆಲ್ಲ ಅವನನ್ನು ಕಲೆ ಡಾಕ್ಟ್ರು ಅನ್ನುತ್ತಾರೆ. ಆ ಹೆಸರು ಅವನ ತಲೆಗೆ ಸ್ವಲ್ಪ ಏರಿದ್ದೂ ಉಂಟು.

ಅಕ್ಕನಿಗೆ ಐದು ವರ್ಷದಲ್ಲಿ ನಾಲ್ಕು ಸಲ ನ್ಯುಮೋನಿಯಾ ಬಂತು. ಚಿಕ್ಕವಳಿದ್ದಾಗ ಕಿವಿ ಸೋರುತ್ತಿತ್ತು. ದೊಡ್ಡವಳಾದ ಮೇಲೆ ಮೂಗು ಕಟ್ಟಿ, ಹಣೆ ನೋವು, ಹಳದಿ ಸಿಂಬಳ. ಮಾತ್ರೆ ತಿಂದರೆ ಹತ್ತು ದಿನ ಆರಾಮ, ಹನ್ನೊಂದನೇ ದಿನ ಮತ್ತೆ ಅದೇ ಹಾಡು. ಅವಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು ನಾನು ಸುತ್ತದ ಕ್ಲಿನಿಕ್ ಇಲ್ಲ. ಎಲ್ಲ ಕಡೆ ಅದೇ ಸಿರಪ್ಪು, ಅದೇ ಮಾತು. ನೀವು ಲಾಂಡ್ರಿಯವರು, ಒದ್ದೆ, ಆವಿ, ಸೋಪಿನ ಪುಡಿ, ಕೆಮ್ಮು ಇದ್ದದ್ದೇ. ನಮಗೂ ಅದು ಸರಿ ಅನ್ನಿಸಿತ್ತು. ಆವಿಯಲ್ಲಿ ಬದುಕುವವರು ಆವಿಯನ್ನಲ್ಲದೆ ಇನ್ನಾರನ್ನು ಬೈಯುತ್ತೇವೆ?

ಮೂರನೇ ನ್ಯುಮೋನಿಯಾ ಆದ ಮೇಲೆ ಅಪ್ಪ ಒಂದು ತೀರ್ಮಾನ ಮಾಡಿದ. ಅಕ್ಕನ ಕೈಯಿಂದ ಇಸ್ತ್ರಿ ಕಿತ್ತುಕೊಂಡು ಅವಳನ್ನು ಮುಂದಿನ ಕೌಂಟರಿನಲ್ಲಿ ಕೂರಿಸಿದ. ಗಿರಾಕಿಗಳ ಬಟ್ಟೆ ಬಂದಾಗ ಒಂದೊಂದಕ್ಕೂ ನಂಬರಿನ ಬಟ್ಟೆಚೀಟಿ ಬರೆದು ಚುಚ್ಚುವ ಕೆಲಸ. ಆ ಚೀಟಿ ಇದ್ದರೆ ಯಾವ ಬಟ್ಟೆ ಯಾರದು, ಅದಕ್ಕೆ ಏನು ಮಾಡಬೇಕು ಎಂಬುದು ಕಣ್ಣುಮುಚ್ಚಿ ಗೊತ್ತಾಗುತ್ತದೆ. ಕೂತಲ್ಲಿಂದಲೇ ಇಸ್ತ್ರಿ ಮೇಜಿನ ಕಡೆ ಅವಳು ನೋಡುತ್ತಿದ್ದ ರೀತಿಯನ್ನು ನಾನು ನೋಡಿದ್ದೇನೆ.

ಕೌಂಟರಿಗೆ ಬಂದ ಏಳನೇ ತಿಂಗಳಿಗೆ ನಾಲ್ಕನೇ ನ್ಯುಮೋನಿಯಾ. ಆವಿ ಇರುವುದು ಹಿಂದಿನ ಕೋಣೆಯಲ್ಲಿ, ಅಕ್ಕ ಇದ್ದದ್ದು ಬೀದಿಯ ಗಾಳಿಗೆ ಮುಖ ಕೊಟ್ಟು. ಹಾಗಾದರೆ ಇದು ಎಲ್ಲಿಂದ ಬಂತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಬೀದಿಯಲ್ಲೂ ಒಬ್ಬರೂ ಕೇಳಲಿಲ್ಲ.

ಕೇಳಿದವರು ಇಂಕ್ ಸಿಸ್ಟರ್. ದೊಡ್ಡ ಆಸ್ಪತ್ರೆಯ ನರ್ಸು ಅವರು. ಅವರ ಕೋಟಿನ ಜೇಬಿನಲ್ಲಿ ಪೆನ್ನು ಸೋರಿ ಯಾವಾಗಲೂ ನೀಲಿ ಕಲೆ. ಅಪ್ಪ ಇಟ್ಟ ಹೆಸರೇ ಇಂಕ್ ಸಿಸ್ಟರ್. ಆ ದಿನ ಕೋಟು ಕೊಡಲು ಬಂದವರು ಅಕ್ಕನ ಸೊರಗಿದ ಮುಖ ನೋಡಿ ನಿಂತರು. ಎಷ್ಟು ಸಲ ಆಸ್ಪತ್ರೆ ಸೇರಿದ್ದೆ, ಕಿವಿ ಸೋರಿತ್ತಾ, ವರ್ಷಕ್ಕೆ ಎಷ್ಟು ಸಲ ಆಂಟಿಬಯಾಟಿಕ್ ತಗೊಳ್ತೀಯ ಎಂದು ಒಂದೊಂದೇ ಕೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಯಜಮಾನ್ರೆ, ನೀವು ಎಷ್ಟು ವರ್ಷದಿಂದ ಈ ಆವಿಯಲ್ಲಿದ್ದೀರಿ?"

"ಮೂವತ್ತು ದಾಟ್ತು."

"ನಿಮಗೆ ಎಷ್ಟು ಸಲ ನ್ಯುಮೋನಿಯಾ ಬಂದಿದೆ?"

ಅಪ್ಪ ಒಂದು ಸಲವೂ ಇಲ್ಲ ಅಂದ. ಎದೆ ತಟ್ಟಿಕೊಂಡೇ ಅಂದ.

"ಮತ್ತೆ ಈ ಆವಿ ನಿಮ್ಮ ಮಗಳ ಮೇಲೆ ಮಾತ್ರ ಹಗೆ ಇಟ್ಕೊಂಡಿದೆಯಾ?"

ಅಪ್ಪನ ಕೈ ಎದೆಯ ಮೇಲೆಯೇ ಉಳಿಯಿತು. ಐದು ವರ್ಷ ನಾನು ಗಾಡಿ ಓಡಿಸಿದೆ, ಈ ಒಂದು ಪ್ರಶ್ನೆ ನನಗೆ ಹೊಳೆಯಲಿಲ್ಲ. ಸಿರಪ್ಪು ಬರೆದುಕೊಟ್ಟ ಆ ಕೈಗಳಿಗೂ ಹೊಳೆಯಲಿಲ್ಲ.

ಸಿಸ್ಟರ್ ತಮ್ಮ ಆಸ್ಪತ್ರೆಯ ವೈದ್ಯರ ಹತ್ತಿರ ಕಳಿಸಿದರು. ವೈದ್ಯರು ರಕ್ತ ತೆಗೆಸಿದರು. ಪ್ರತಿಕಾಯ ಎಷ್ಟಿದೆ ಎಂದು ನೋಡುವ ಪರೀಕ್ಷೆ. ಪ್ರತಿಕಾಯ ಅಂದರೆ ಹೊರಗಿಂದ ಬಂದ ರೋಗಾಣುವಿಗೆ ಅಂಟಿಕೊಂಡು, ಇದು ಕಳ್ಳ, ಹಿಡಿಯಿರಿ ಎಂದು ತೋರಿಸಿಕೊಡುವ ವಸ್ತು. ನಮ್ಮ ರಕ್ತದಲ್ಲಿ ಅದು ರಾಶಿ ರಾಶಿ ಇರುತ್ತದೆ. ಅಕ್ಕನ ರಕ್ತದಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆ. ಇನ್ನೊಮ್ಮೆ ಪರೀಕ್ಷೆ ಮಾಡಿದರು, ಫಲಿತಾಂಶ ಬದಲಾಗಲಿಲ್ಲ. ಇದಕ್ಕೆ ಪ್ರಾಥಮಿಕ ಪ್ರತಿಕಾಯ ಕೊರತೆ ಎನ್ನುತ್ತಾರೆ ಎಂದು ವೈದ್ಯರು ಹೇಳಿದರು. ದೇಹದ ಕಟ್ಟೋಣದಲ್ಲೇ ಇರುವ ಲೋಪ. ಯಾರಿಂದಲೂ ಅಂಟಿದ್ದಲ್ಲ, ಯಾರಿಗೂ ಅಂಟುವುದಲ್ಲ. ಆವಿಗೂ ಸೋಪಿಗೂ ಸಂಬಂಧವಿಲ್ಲ.

ಮನೆಗೆ ಬರುವಾಗ ಅಕ್ಕ ಗಾಡಿಯ ಹಿಂದಿನಿಂದ ಹೇಳಿದಳು: "ನನ್ನೊಳಗೆ ಚೀಟಿ ಬರೆಯೋರೇ ಇಲ್ವಂತೆ ಕಣೋ. ನೀವು ನೋಡಿದ್ರೆ ನನ್ನನ್ನೇ ಚೀಟಿ ಬರೆಯೋಕೆ ಕೂರಿಸಿದ್ರಿ." ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಚಿಕಿತ್ಸೆ ಶುರುವಾಯಿತು. ನಾಲ್ಕು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಅರ್ಧ ದಿನ ಮಲಗಿ ಡ್ರಿಪ್ ಹಾಕಿಸಿಕೊಂಡು ಬರುವುದು. ಆ ಬಾಟಲಿಯಲ್ಲಿ ಇರುವುದು ಬೇರೆಯವರ ಪ್ರತಿಕಾಯ, ಗೊತ್ತುಪರಿಚಯ ಇಲ್ಲದ ಸಾವಿರಾರು ಜನ ಕೊಟ್ಟ ರಕ್ತದ ದ್ರವದಿಂದ ಬೇರ್ಪಡಿಸಿದ್ದು. ಆರು ತಿಂಗಳಲ್ಲಿ ಅಕ್ಕನ ಕೆನ್ನೆಗೆ ಬಣ್ಣ ಬಂತು. ಕೆಮ್ಮು ಮೂರರಿಂದ ಒಂದಕ್ಕೆ ಇಳಿಯಿತು. ಅವಳು ಒಂದೇ ಮಾತು ಹಿಡಿದಳು, ನನ್ನ ಇಸ್ತ್ರಿ ನನಗೆ ಕೊಡಿ.

ವೈದ್ಯರು ಕೊಡಬಹುದು ಅಂದಿದ್ದರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿದ್ದರು. ಅಕ್ಕನ ಎಡ ಶ್ವಾಸಕೋಶದ ಕೆಳಭಾಗ ಈಗಾಗಲೇ ಗಾಯಗೊಂಡು ಗಟ್ಟಿಯಾಗಿದೆ. ಇನ್ನೊಂದು ದೊಡ್ಡ ನ್ಯುಮೋನಿಯಾ ಬಂದರೆ ಅದು ಇನ್ನಷ್ಟು ಹಾಳಾಗುತ್ತದೆ, ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲ. ಫ್ಲೂ ಜ್ವರದ ಕಾಲ ಹತ್ತಿರ ಬರುತ್ತಿತ್ತು. ಇಂಕ್ ಸಿಸ್ಟರ್ ಕೌಂಟರಿಗೆ ಬಂದು, ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ, ಅಕ್ಕನೂ ಹಾಕಿಸಿಕೊಳ್ಳಲಿ ಅಂದರು. ಅಪ್ಪ ಒಪ್ಪಲಿಲ್ಲ. ಲಸಿಕೆಯೂ ಬೇಡ, ಇಸ್ತ್ರಿಯೂ ಬೇಡ, ಮಗಳು ಕೌಂಟರಿನಲ್ಲೇ ಇರಲಿ ಎಂದು ಕೂತ.

ನಿಜ ಹೇಳಬೇಕೆಂದರೆ ನಾನೂ ಅವತ್ತು ಅಪ್ಪನ ಪಕ್ಷ. ನಮ್ಮ ಲೆಕ್ಕಾಚಾರ ಸರಳ. ಲಸಿಕೆ ಹಾಕುವುದು ಯಾಕೆ? ದೇಹ ಪ್ರತಿಕಾಯ ತಯಾರಿಸಲಿ ಎಂದು. ಅಕ್ಕನ ದೇಹಕ್ಕೆ ಅದನ್ನು ತಯಾರಿಸಲು ಬರುವುದಿಲ್ಲ. ಮತ್ತೇಕೆ ಅವಳನ್ನು ಸೂಜಿಯಲ್ಲಿ ಚುಚ್ಚುವುದು? ಹೇಗೂ ಡ್ರಿಪ್ಪಿನಲ್ಲಿ ಬೇರೆಯವರ ಪ್ರತಿಕಾಯ ಬರುತ್ತಿದೆ.

"ಹರಿದ ಬಟ್ಟೆಗೆ ಗಂಜಿ ಹಾಕಿದ್ರೆ ಏನು ಬಂತು, ಸಿಸ್ಟರ್?" ಅಂದ ಅಪ್ಪ.

ಸಿಸ್ಟರ್ ಸಿಟ್ಟಾಗಲಿಲ್ಲ. ಅಮ್ಮ ತಂದಿಟ್ಟ ಚಹಾ ಕುಡಿಯುತ್ತ ಮಡಚಿದ ಬೆಡ್‌ಶೀಟುಗಳ ಗುಡ್ಡೆಯ ಪಕ್ಕ ಕೂತರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಮೊದಲಿಗೆ ಡ್ರಿಪ್ಪಿನ ವಿಷಯ. ಅದರಲ್ಲಿರುವುದು ಹಿಂದೆ ರಕ್ತ ಕೊಟ್ಟವರು ಕಂಡ ರೋಗಾಣುಗಳ ವಿರುದ್ಧದ ಪ್ರತಿಕಾಯ. ಫ್ಲೂ ವೈರಸ್ಸು ವರ್ಷ ವರ್ಷ ವೇಷ ಬದಲಿಸುತ್ತದೆ. ಈ ವರ್ಷದ ವೇಷಕ್ಕೆ ಬೇಕಾದದ್ದು ಹಳೆಯ ಬಾಟಲಿಯಲ್ಲಿ ಸಾಕಷ್ಟು ಇಲ್ಲದಿರಬಹುದು.

ಎರಡನೆಯದೇ ನಮಗೆ ಯಾರೂ ಹೇಳದೇ ಇದ್ದದ್ದು. ದೇಹದ ಕಾವಲಿಗೆ ಪ್ರತಿಕಾಯ ಒಂದೇ ಇರುವುದಲ್ಲ. ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಎಂಬ ಒಂದು ಜಾತಿ ಇದೆ. ಪ್ರತಿಕಾಯ ಹಿಡಿಯುವುದು ಹೊರಗೆ ಓಡಾಡುವ ರೋಗಾಣುವನ್ನು. ವೈರಸ್ಸು ನಮ್ಮ ಜೀವಕೋಶದ ಒಳಗೇ ನುಗ್ಗಿ ಬಾಗಿಲು ಹಾಕಿಕೊಂಡರೆ ಪ್ರತಿಕಾಯಕ್ಕೆ ಅದು ಕಾಣುವುದಿಲ್ಲ. ಆಗ ಬೇಕಾಗುವುದು ಟಿ ಕೋಶ. ಪ್ರತಿ ಜೀವಕೋಶವೂ ತನ್ನೊಳಗೆ ಏನಿದೆ ಎಂಬುದರ ಒಂದು ಚೂರನ್ನು ಹೊರಗೆ ನೇತುಹಾಕಿರುತ್ತದೆ. ಟಿ ಕೋಶ ಮನೆಮನೆ ತಿರುಗಿ ಅದನ್ನು ಮುಟ್ಟಿ ನೋಡುತ್ತದೆ. ವೈರಸ್ಸಿನ ಚೂರು ಕಂಡರೆ ಆ ಕೋಶವನ್ನೇ ಮುಗಿಸಿಬಿಡುತ್ತದೆ. ಪ್ರತಿಕಾಯ ತಯಾರಿಸುವವರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಟಿ ಕೋಶಗಳೂ ಇವೆ.

"ಎದೆಮೂಳೆ ಹಿಂದೆ ಒಂದು ಗ್ರಂಥಿ ಇದೆ. ಟಿ ಕೋಶಗಳಿಗೆ ಅದೇ ಶಾಲೆ," ಅಂದರು ಸಿಸ್ಟರ್. "ಸ್ವಂತದವರನ್ನ ಹೊಡೀಬಾರದು, ಪರಕೀಯರನ್ನ ಬಿಡಬಾರದು, ಇದೇ ಅಲ್ಲಿನ ಪಾಠ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಅಲ್ಲೇ ಫೇಲಾಗಿ ಹೋಗುತ್ತವೆ."

ಅಮ್ಮ ನನ್ನ ಕಡೆ ನೋಡಿದಳು. "ನಮ್ಮನೇಲಿ ಒಂದು ಇದೆ," ಅಂದಳು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಾನು ಸೋಪಿನ ಡಬ್ಬ ಎತ್ತಿಕೊಂಡು ಒಳಗೆ ಹೋದೆ, ಬಾಗಿಲ ಮರೆಯಲ್ಲಿ ನಿಂತು ಉಳಿದದ್ದನ್ನು ಕೇಳಿಸಿಕೊಂಡೆ.

ಪ್ರತಿಕಾಯ ಕೊರತೆ ಇರುವ ಎಲ್ಲರ ಟಿ ಕೋಶಗಳೂ ಒಂದೇ ಥರ ಇರುವುದಿಲ್ಲವಂತೆ. ಕೆಲವರಲ್ಲಿ ಅವೂ ಸೊರಗಿರುತ್ತವೆ, ಸಂಖ್ಯೆ ಕಡಿಮೆ ಇರುತ್ತದೆ ಅಥವಾ ಬೇಗ ದಣಿಯುತ್ತವೆ. ಅಂಥವರು ಇನ್ನೂ ಹೆಚ್ಚು ಹುಷಾರಾಗಿರಬೇಕು. ಇನ್ನು ಕೆಲವರಲ್ಲಿ ಪ್ರತಿಕಾಯ ಇಲ್ಲದಿದ್ದರೂ ಟಿ ಕೋಶಗಳು ಗಟ್ಟಿಮುಟ್ಟಾಗಿರುತ್ತವೆ. ಊಹೆ ಮಾಡಿ ಕೂರುವ ವಿಷಯವಲ್ಲ ಇದು, ಪರೀಕ್ಷೆ ಮಾಡಿಯೇ ತಿಳಿಯಬೇಕು. ವೈದ್ಯರು ಅಕ್ಕನ ರಕ್ತದಲ್ಲಿ ಟಿ ಕೋಶಗಳನ್ನು ಎಣಿಸಿದ್ದರು, ಕೆಣಕಿದರೆ ಎದ್ದು ನಿಲ್ಲುತ್ತವೆಯೋ ಎಂದೂ ನೋಡಿದ್ದರು. ಎದ್ದು ನಿಂತಿದ್ದವು. ಲಸಿಕೆ ಹಾಕಿದರೆ ಪ್ರತಿಕಾಯ ಬರದೇ ಇರಬಹುದು, ಟಿ ಕೋಶಗಳು ಮಾತ್ರ ಪಾಠ ಕಲಿಯಬಲ್ಲವು. ಜೀವಂತ ರೋಗಾಣು ಇರುವ ಲಸಿಕೆಗಳೂ ಕೆಲವು ಇವೆ, ಅವನ್ನು ಈ ತೊಂದರೆ ಇರುವವರು ತಜ್ಞರನ್ನು ಕೇಳದೆ ಮುಟ್ಟಬಾರದು. ಅಕ್ಕನಿಗೆ ಕೊಡುವುದು ಸೂಜಿಯಲ್ಲಿ ಹಾಕುವ, ಜೀವ ಇಲ್ಲದ ಲಸಿಕೆ.

ಅಪ್ಪ ಎಲ್ಲ ಕೇಳಿದ. ಯೋಚನೆ ಮಾಡ್ತೀನಿ ಅಂದ. ಅಪ್ಪ ಯೋಚನೆ ಮಾಡ್ತೀನಿ ಅಂದರೆ ಆಗೋದಿಲ್ಲ ಎಂದೇ ಅರ್ಥ.

ಆಮೇಲೆ ನಡೆದದ್ದಕ್ಕೆ ನನ್ನ ಸಿಟ್ಟೇ ಕಾರಣ. ಸಿಸ್ಟರ್ ಮಾತು ಕೇಳಿದ ಮೇಲೆ ನಾನು ಅಕ್ಕನ ಪಕ್ಷಕ್ಕೆ ಬಂದಿದ್ದೆ, ಅಪ್ಪ ಹಟ ಬಿಡದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಚೀಟಿ ಬರೆಯುವ ಇಂಕು ಮುಗಿದಿದೆ, ತಗೊಂಡು ಬಾ ಎಂದು ಅಮ್ಮ ಕಳಿಸಿದರೆ, ನಾವು ಯಾವಾಗಲೂ ಕೊಳ್ಳುವ ದೂರದ ಅಂಗಡಿಗೆ ಹೋಗಲು ಬೇಸರವಾಗಿ ಬೀದಿ ಕೊನೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಶಾಲಾ ಮಕ್ಕಳ ಇಂಕು ತಂದುಬಿಟ್ಟೆ. ಲಾಂಡ್ರಿ ಇಂಕು ಎಷ್ಟು ಒಗೆದರೂ ಹೋಗುವುದಿಲ್ಲ. ಇದು ಹೋಗುತ್ತದೆ. ಹುಟ್ಟಿದಾಗಿನಿಂದ ಲಾಂಡ್ರಿಯಲ್ಲಿರುವವನಿಗೆ ಅದು ಗೊತ್ತಿಲ್ಲವೇ? ಗೊತ್ತಿತ್ತು. ಸಿಟ್ಟಿನಲ್ಲಿ ಬಾಟಲಿಯ ಮೇಲಿನ ಅಕ್ಷರ ಓದಲಿಲ್ಲ.

ಮಾರನೇ ದಿನ ಯಂತ್ರದ ಬಾಗಿಲು ತೆಗೆದರೆ ನೂರೆಂಬತ್ತು ಬಟ್ಟೆ, ನೂರೆಂಬತ್ತು ಬಿಳಿ ಚೀಟಿ. ಒಂದರ ಮೇಲೂ ಒಂದಂಕಿಯಿಲ್ಲ. ಬಿಳಿ ಅಂಗಿಗಳಿಗೆ ತೆಳು ನೀಲಿ ಬಣ್ಣ ಬೇರೆ. ಸಂಜೆಗೆ ಅರ್ಧ ಬೀದಿ ಬಟ್ಟೆ ಕೇಳಿಕೊಂಡು ಬರುತ್ತದೆ.

ಅಪ್ಪ ಬಂದು ನೋಡಿದ. ಬೈಯುತ್ತಾನೆ ಎಂದು ತಲೆ ತಗ್ಗಿಸಿದ್ದೆ. ಬೈಯಲಿಲ್ಲ. ತೋಳು ಮಡಚಿ ಗಾಜಿನ ಮೇಜಿನ ದೀಪ ಹಚ್ಚಿದ. ಒಂದೊಂದೇ ತಾ ಅಂದ.

ನಾನು ಒಂದೊಂದೇ ಕೊಟ್ಟೆ, ಅಕ್ಕ ಪಕ್ಕದಲ್ಲಿ ನಿಂತು ಹೊಸ ಚೀಟಿ ಬರೆದಳು. ಅಪ್ಪ ಬಟ್ಟೆ ಹರಡುತ್ತಿದ್ದ, ಬೆರಳಾಡಿಸುತ್ತಿದ್ದ, ಹೇಳುತ್ತಿದ್ದ. ಇದು ಮೇಷ್ಟ್ರದು, ಎಡಗೈ ತೋಳಿನ ತುದಿ ಸವೆದಿದೆ, ಎಡಗೈಯಲ್ಲಿ ಬರೀತಾರೆ. ಇದು ಬಸ್ ಡ್ರೈವರ್‌ದು, ಒಂದು ಭುಜ ಮಾತ್ರ ಬಿಸಿಲಿಗೆ ಮಾಸಿದೆ. ಇದು ಬ್ಯಾಂಕಿನ ಮೇಡಂದು, ಮೂರನೇ ಗುಂಡಿ ಬೇರೆ ದಾರದಲ್ಲಿ ಹೊಲಿದಿದೆ. ಇದು ಎದುರಂಗಡಿ ಟೈಲರ್‌ದು, ಊರವರದ್ದೆಲ್ಲ ಹೊಲಿದುಕೊಟ್ಟು ತನ್ನದರ ಜೇಬು ಹರಿದಿದ್ದರೂ ಹೊಲಿದಿಲ್ಲ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ನನ್ನ ಅಪ್ಪನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಹೆಮ್ಮೆ ಆ ದಿನ ಹುಟ್ಟಿತು.

ಬಿಸಿಲು ಇಳಿಯುವ ಹೊತ್ತಿಗೆ ಮೇಜಿನ ಮೇಲೆ ನಾಲ್ಕೇ ಬಟ್ಟೆ ಉಳಿದವು. ಎರಡು ಅಂಗಿ, ಒಂದು ಪ್ಯಾಂಟು, ಒಂದು ದುಪ್ಪಟ್ಟ. ಅಪ್ಪ ಅವನ್ನು ತಿರುವಿ ಮುರುವಿ ನೋಡಿದ, ಕೈ ಚೆಲ್ಲಿದ.

"ಈ ನಾಲ್ಕು ಯಾಕೆ ಗೊತ್ತಾಗ್ಲಿಲ್ಲ ಅಪ್ಪ?" ಅಕ್ಕ ಕೇಳಿದಳು.

"ಹೊಸಬರದ್ದು ಕಣಮ್ಮ. ನಿನ್ನೆ ತಾನೆ ಮೊದಲ ಸಲ ಬಂದಿದ್ದು. ನಾನು ಯಾವತ್ತೂ ನೋಡೇ ಇಲ್ಲ. ನೋಡದೇ ಇದ್ದದ್ದು ಹೇಗೆ ಗೊತ್ತಾಗ್ಬೇಕು?"

ಅಕ್ಕ ಪೆನ್ನು ಕೆಳಗಿಟ್ಟಳು.

"ಚೀಟಿ ಒಂದೂ ಇರ್ಲಿಲ್ಲ. ಆದ್ರೂ ನೀನು ನೂರ ಎಪ್ಪತ್ತಾರು ಕಂಡುಹಿಡಿದೆ. ಮೊದಲೇ ನೋಡಿದ್ದಕ್ಕೆ. ಲಸಿಕೆ ಅಂದ್ರೆ ಅಷ್ಟೇ ಅಪ್ಪ. ನನ್ನೊಳಗೂ ಚೀಟಿ ಇಲ್ಲ, ಆದ್ರೆ ಮೇಜಿನ ಮುಂದೆ ನಿನ್ನ ಥರದವರು ಕೂತಿದ್ದಾರೆ. ಈ ವರ್ಷದ ಜ್ವರ ಅವರಿಗೆ ಹೊಸಬರ ಅಂಗಿ. ಅದು ನುಗ್ಗೋ ಮೊದಲೇ ಒಂದು ಸಲ ತೋರಿಸೋಣ."

ಅಪ್ಪ ಆ ನಾಲ್ಕು ಬಟ್ಟೆಗಳನ್ನು ನೋಡುತ್ತಲೇ ಇದ್ದ. ಗಾಜಿನ ಕೆಳಗಿನ ಬೆಳಕು ಅವನ ಗಲ್ಲದ ಮೇಲೆ ಬಿದ್ದಿತ್ತು. ಅಮ್ಮ ಮಡಚುವುದನ್ನು ನಿಲ್ಲಿಸಿದ್ದಳು.

"ನಾಳೆ ಎಷ್ಟು ಗಂಟೆಗೆ ಬರ್ತಾರೆ ಇಂಕ್ ಸಿಸ್ಟರ್ ಡ್ಯೂಟಿಗೆ?" ಎಂದು ಕೇಳಿದ.

ಮಾರನೇ ದಿನ ಲಾಂಡ್ರಿಗೆ ಬೀಗ ಹಾಕಿ ನಾಲ್ವರೂ ಹೋದೆವು. ಅಕ್ಕನಿಗೆ ಯಾವ ಲಸಿಕೆ ಎಂದು ಅವಳ ವೈದ್ಯರೇ ಇನ್ನೊಮ್ಮೆ ನೋಡಿ ಸಹಿ ಹಾಕಿದರು. ನಮಗೆ ಮೂವರಿಗೆ ಯಾಕೆ ಎಂದರೆ, ಜ್ವರ ಅಕ್ಕನವರೆಗೆ ಬರುವುದು ಹೆಚ್ಚಾಗಿ ನಮ್ಮ ಮೂಲಕವೇ. ನಾವು ತರದಿದ್ದರೆ ಅದಕ್ಕೆ ಅರ್ಧ ದಾರಿ ಮುಚ್ಚಿದ ಹಾಗೆ. ಮೊದಲು ತೋಳು ಚಾಚಿದವನು ಅಪ್ಪ. ಮೂವತ್ತು ವರ್ಷ ಕಲೆ ತೆಗೆಯುವ ಆಸಿಡ್ಡಿನಲ್ಲಿ ಕೈ ಆಡಿಸಿದವನು ಸೂಜಿ ಕಂಡು ಕಣ್ಣು ಗಟ್ಟಿಯಾಗಿ ಮುಚ್ಚಿದ್ದ. ಯಜಮಾನ್ರೆ, ಕಣ್ಣು ಬಿಡಿ, ಆಗಲೇ ಆಯ್ತು ಎಂದು ಸಿಸ್ಟರ್ ಹೇಳಬೇಕಾಯಿತು.

ಆ ಸಲ ಜ್ವರ ಬೀದಿಯನ್ನೇ ಮಲಗಿಸಿತು. ಟೈಲರ್ ಹತ್ತು ದಿನ ಅಂಗಡಿ ತೆಗೆಯಲಿಲ್ಲ. ಅಕ್ಕನಿಗೂ ಬಂತು. ಲಸಿಕೆ ಹಾಕಿಸಿಕೊಂಡರೆ ಜ್ವರವೇ ಬರುವುದಿಲ್ಲ ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಮೊದಲ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ, ನೋಡೋಣ, ಕಾಯೋಣ ಎನ್ನಲಿಲ್ಲ. ಮೂರು ದಿನ ಮೈ ಬಿಸಿಯಿತ್ತು, ನಾಲ್ಕನೇ ದಿನ ಎದ್ದು ಕೂತು ಹಸಿವು ಅಂದಳು. ಎದೆಯ ಫೋಟೋ ತೆಗೆದರು. ಹಳೆಯ ಗಾಯದ ಪಕ್ಕ ಹೊಸದೊಂದು ಚುಕ್ಕೆಯೂ ಇರಲಿಲ್ಲ. ಇದು ಡ್ರಿಪ್ಪಿನಿಂದ ಆಯಿತೋ, ಲಸಿಕೆಯಿಂದ ಆಯಿತೋ, ಬೇಗ ಹೋದದ್ದರಿಂದ ಆಯಿತೋ ಎಂದು ಕೇಳಿದೆ. ಮೂರನ್ನೂ ಬಿಡಬೇಡಿ, ಯಾವುದರಿಂದ ಎಂದು ಜಗಳ ಆಡುವುದು ಬೇಡ ಅಂದರು ವೈದ್ಯರು.

ಈಗ ಅಕ್ಕನ ಇಸ್ತ್ರಿ ಅಕ್ಕನ ಕೈಯಲ್ಲಿದೆ. ಕೊಳೆ ಬಟ್ಟೆ ಬಿಚ್ಚುವ ಕೆಲಸ ಅವಳಿಗಿಲ್ಲ, ಅದು ನನ್ನದು, ಮಾಸ್ಕು ಹಾಕಿಕೊಂಡು. ಸಂಜೆ ಒಂದು ಗಂಟೆ ಗಾಜಿನ ಮೇಜಿನ ಮುಂದೆ ಅಪ್ಪನ ಪಕ್ಕ ಕೂತು ಅವಳು ಕಲೆ ಓದಲು ಕಲಿಯುತ್ತಿದ್ದಾಳೆ. ಟೈಲರ್ ಮಾತ್ರ ಗೊಣಗುತ್ತಾನೆ. ಊಟದ ಹೊತ್ತು ಗೊತ್ತಾಗುತ್ತಿಲ್ಲವಂತೆ. ಹೋಗಿ ಒಂದು ಗಡಿಯಾರ ತಗೋ ಎಂದಿದ್ದೇನೆ.

ಇದನ್ನು ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ವರ್ಷ ವರ್ಷ ನ್ಯುಮೋನಿಯಾ ಬರುತ್ತಿದೆಯೇ? ಮತ್ತೆ ಮತ್ತೆ ಕಿವಿ ಸೋರುತ್ತಿದೆಯೇ? ಮಾತ್ರೆ ಮುಗಿದ ವಾರಕ್ಕೇ ಹಳೆಯ ಕಾಯಿಲೆ ತಿರುಗಿ ಬರುತ್ತಿದೆಯೇ? ನಮ್ಮ ಹಾಗೆ ಆವಿಯನ್ನೋ ಧೂಳನ್ನೋ ಹಣೆಬರಹವನ್ನೋ ಬೈಯುತ್ತ ಐದು ವರ್ಷ ಕಳೆಯಬೇಡಿ. ವೈದ್ಯರ ಮುಂದೆ ಕೂತು ನೇರವಾಗಿ ಕೇಳಿ: ಪ್ರತಿಕಾಯದ ರಕ್ತ ಪರೀಕ್ಷೆ ಮಾಡಿಸಬೇಕೇ? ಕೊರತೆ ಇದೆ ಎಂದು ಗೊತ್ತಾದರೆ ಅಲ್ಲಿಗೇ ಎದ್ದು ಬರಬೇಡಿ. ಎರಡನೆಯದನ್ನೂ ಕೇಳಿ: ಟಿ ಕೋಶಗಳು ಹೇಗೆ ಕೆಲಸ ಮಾಡುತ್ತಿವೆ, ಯಾವ ಲಸಿಕೆ ಹಾಕಿಸಬಹುದು, ಯಾವುದು ಕೂಡದು? ಡ್ರಿಪ್ ತಪ್ಪಿಸಬೇಡಿ. ಮನೆಯವರೆಲ್ಲ ತೋಳು ಚಾಚಿ.

ನಾನು ಓದಿದ್ದು ಏಳನೇ ಕ್ಲಾಸು. ಈ ಎರಡು ಪ್ರಶ್ನೆ ಕೇಳಲು ಅಷ್ಟೂ ಬೇಕಾಗಿಲ್ಲ. ನಾಳೆಯೇ ಹೋಗಿ ಕೇಳಿ.